ಆಲಮಟ್ಟಿ ಹಿನ್ನೀರಿನಲ್ಲಿ ಮೋಟಾರು ದೋಣಿ: ವಿಹಾರ ಮತ್ತು ವ್ಯವಹಾರ

ಬೀಳಗಿ ತಾಲ್ಲೂಕಿನ ಕೊರ್ತಿಯಿಂದ ಕೊಲ್ಹಾರಕ್ಕೆ ಬಸ್ಸಿನಲ್ಲಿ ಸಾಗುವವರಿಗೆ ಸುಮಾರು 3 ಕಿ.ಮೀ. ಉದ್ದದ ಸೇತುವೆಯು ಕೆಲವೇ ನಿಮಿಷಗಳ ಹಾದಿ. ಅದೇ ಜಲರಾಶಿಯನ್ನು ಸಣ್ಣ ಮೋಟಾರು ದೋಣಿಯಲ್ಲಿ ದಾಟುವಾಗ ಮಾತ್ರ ಅದರ ವಿಸ್ತಾರ ಅರಿವಿಗೆ ಬರುತ್ತದೆ. ಬೆಳಗಿನ ಹೊತ್ತು ಕನ್ನಡಿಯಂತಿರುವ ನೀರು, ಗಾಳಿ ಎದ್ದೊಡನೆ ದೋಣಿಯನ್ನು ತೊಟ್ಟಿಲಿನಂತೆ ತೂಗುತ್ತದೆ.

ಜಮಖಂಡಿ, ಮುಧೋಳ, ರಬಕವಿ-ಬನಹಟ್ಟಿ ಭಾಗದ ಜನರಿಗೆ ದೋಣಿ ಹೊಸದಲ್ಲ. ರಬಕವಿಯಿಂದ ಮಹಿಷವಾಡಗಿಯ ಕಡೆಗೆ ಕೃಷ್ಣೆಯನ್ನು ದೋಣಿಯಲ್ಲೇ ದಾಟಿದವರು ಅಸಂಖ್ಯ. ಆದರೆ ಹರಿಯುವ ಹೊಳೆ ಬೇರೆ, ನಿಂತ ಸಾಗರ ಬೇರೆ. 1964ರಲ್ಲಿ ಶಂಕುಸ್ಥಾಪನೆಗೊಂಡು, 2006ರ ಆಗಸ್ಟ್ 21ರಂದು ರಾಷ್ಟ್ರಪತಿ ಅಬ್ದುಲ್ ಕಲಾಂ ಅವರಿಂದ ಲೋಕಾರ್ಪಣೆಗೊಂಡ ಆಲಮಟ್ಟಿ ಜಲಾಶಯವು 519.60 ಮೀಟರ್ ಮಟ್ಟದಲ್ಲಿ ಸುಮಾರು 123 ಟಿಎಂಸಿ ನೀರನ್ನು ಹಿಡಿಯುತ್ತದೆ. ಬಾಗಲಕೋಟೆಯ ಪೇಟೆಯ ಅಂಗಡಿಗಳೂ ಅನೇಕ ಗ್ರಾಮಗಳೂ ಈ ನೀರಿಗಾಗಿ ಜಾಗ ಬಿಟ್ಟವು. ನೀರು ಇಳಿದಾಗ ಹಳೆಯ ಗೋಡೆ, ಒಣಗಿದ ಮರದ ಬುಡಗಳು ದೋಣಿಯ ಪ್ರೊಪೆಲ್ಲರಿಗೆ ಅಪಾಯ ಒಡ್ಡುತ್ತವೆ. ಆದಕಾರಣ ಸ್ಥಳೀಯ ಮೀನುಗಾರರ ಮಾರ್ಗದರ್ಶನವಿಲ್ಲದೆ ದಡದ ಸಮೀಪ ವೇಗವಾಗಿ ಸಾಗುವುದು ತರವಲ್ಲ.

ಹೆರಕಲ್ಲಿನ ಪರಿಸರದಲ್ಲಿ ಫ್ಲೆಮಿಂಗೊ ಮೊದಲಾದ ವಲಸೆ ಹಕ್ಕಿಗಳೂ, ಚಿಕ್ಕಸಂಗಮದಲ್ಲಿ ಘಟಪ್ರಭೆ-ಕೃಷ್ಣೆಯರ ಕೂಡುವಿಕೆಯೂ ಪ್ರವಾಸಿಗರನ್ನು ಸೆಳೆಯಬಲ್ಲವು. ಆದ್ದರಿಂದ ದೋಣಿ ಕೊಳ್ಳುವ ವಿಚಾರ ಕೆಲವು ಉದ್ಯಮಿಗಳಿಗೆ ಬಂದರೆ ಆಶ್ಚರ್ಯವಿಲ್ಲ. ಅಂಥವರು ಮೊದಲು ಲೆಕ್ಕ ಹಾಕಬೇಕಾದುದು ದೋಣಿಯ ಬೆಲೆಯನ್ನಲ್ಲ, ಓಡುವ ದಿನಗಳನ್ನು. ಉದಾಹರಣೆಗೆ, ವಿಮೆ, ಚಾಲಕರ ಸಂಬಳ, ಸವಕಳಿ, ಬಡ್ಡಿ ಸೇರಿ ವಾರ್ಷಿಕ ಸ್ಥಿರ ವೆಚ್ಚ 3 ಲಕ್ಷ ರೂ. ಎಂದು ಭಾವಿಸೋಣ. 240 ದಿನ ಓಡಿದರೆ ದಿನದ ಹೊರೆ 1,250 ರೂ.; 120 ದಿನ ಮಾತ್ರ ಓಡಿದರೆ 2,500 ರೂ. ಇಂಧನ ಇದಕ್ಕೆ ಪ್ರತ್ಯೇಕ. ಮಳೆಗಾಲದ ಬಿರುಗಾಳಿ, ಬೇಸಿಗೆಯ ಇಳಿಮಟ್ಟ ಎರಡೂ ದಿನಗಳನ್ನು ಕಡಿತಗೊಳಿಸುತ್ತವೆಂಬುದನ್ನು ಮರೆಯಬಾರದು.

ತೆರಿಗೆಯ ವಿಷಯವೂ ಗಮನಾರ್ಹ. 2025ರ ಸೆಪ್ಟೆಂಬರ್ 22ರಿಂದ ವಿಹಾರ ನೌಕೆಗಳ ಮೇಲಿನ ಜಿಎಸ್‌ಟಿ ಶೇ. 40, ಪ್ರಯಾಣಿಕರ ಸಾಗಣೆಯ ನೌಕೆಗಳಿಗೆ ಶೇ. 5. ಆದಕಾರಣ ಬಿಲ್ಲಿನಲ್ಲಿ ದೋಣಿ ಯಾವ ಶೀರ್ಷಿಕೆಯಡಿ ಬರುತ್ತದೆಂಬುದನ್ನು ಮುಂಗಡ ಕೊಡುವ ಮೊದಲೇ ಖಚಿತಪಡಿಸಿಕೊಳ್ಳಬೇಕು. ಪ್ರಯಾಣಿಕರ ಸಾಗಣೆಯಂತಹ ನಿರ್ದಿಷ್ಟ ತೆರಿಗೆಯುಕ್ತ ಸೇವೆಗೆ ಬಳಸಿದರೆ ಮಾತ್ರ ಇನ್‌ಪುಟ್ ಟ್ಯಾಕ್ಸ್ ಕ್ರೆಡಿಟ್ ದೊರೆಯುತ್ತದೆ. ಮಾಲೀಕರ ಸ್ವಂತ ವಿಹಾರಕ್ಕೆ ದೊರೆಯದು. ಒಳನಾಡು ನೌಕೆಗಳ ಕಾಯ್ದೆ, 2021ರ ಪ್ರಕಾರ ಯಂತ್ರಚಾಲಿತ ನೌಕೆಗೆ ಸರ್ವೆ, ನೋಂದಣಿ, ವಿಮೆ ಹಾಗೂ ಅರ್ಹ ಸಿಬ್ಬಂದಿಯ ವ್ಯವಸ್ಥೆ ಬೇಕು. ಪ್ರತಿಯೊಬ್ಬರಿಗೂ ಜೀವರಕ್ಷಕ ಕವಚವನ್ನು ಖರ್ಚೆಂದು ಎಣಿಸದೆ ಬಂಡವಾಳವೆಂದೇ ಎಣಿಸಬೇಕು.

ಕೊನೆಯದಾಗಿ, ದಡದ ಮೇಲಿನ ಹೂಡಿಕೆ. ಎರಡನೆಯ ಕೃಷ್ಣಾ ನ್ಯಾಯಾಧಿಕರಣವು 2010ರಲ್ಲಿ ಜಲಾಶಯದ ಮಟ್ಟವನ್ನು 524.256 ಮೀಟರಿಗೆ ಏರಿಸಲು ಸಮ್ಮತಿಸಿದೆ. ಅದು ಕಾರ್ಯಗತವಾದಾಗ ನೀರು 4.656 ಮೀಟರ್ ಮೇಲೇರಿ ಇಂದಿನ ದಡವೇ ಜಲಗರ್ಭ ಸೇರುತ್ತದೆ. ಕಾಂಕ್ರೀಟ್ ಕಟ್ಟೆಗಿಂತ ನೀರಿನೊಂದಿಗೆ ಏರಿಳಿಯುವ ತೇಲುಗಟ್ಟೆಯೇ ಲೇಸು. ಮುಳುಗಡೆಯ ನಷ್ಟವನ್ನು ಒಮ್ಮೆ ಉಂಡ ಈ ನಾಡಿನ ವರ್ತಕರಿಗೆ ಈ ಮಾತನ್ನು ಹೆಚ್ಚು ವಿವರಿಸಬೇಕಾಗಿಲ್ಲ.