ಹುಬ್ಬಳ್ಳಿಯಿಂದ ಧಾರವಾಡದವರೆಗೆ ಒಂದು ಸಾಲು

2011ರ ಜನಗಣತಿಯಂತೆ ಹುಬ್ಬಳ್ಳಿ-ಧಾರವಾಡ ಅವಳಿ ನಗರದ ಜನಸಂಖ್ಯೆ 9.4 ಲಕ್ಷ. ಅದರಲ್ಲಿ 20 ವರ್ಷ ದಾಟಿದವರು ಸುಮಾರು 6 ಲಕ್ಷ ಎಂದು ಹಿಡಿಯೋಣ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ನಡೆದು 2023ರಲ್ಲಿ ಪ್ರಕಟವಾದ ಸಮೀಕ್ಷೆಯ ಲೆಕ್ಕದಲ್ಲಿ ದೇಶದ ಮಧುಮೇಹಿಗಳು 10.1 ಕೋಟಿ; ನಗರ ಪ್ರದೇಶಗಳ ವಯಸ್ಕರಲ್ಲಿ ಪ್ರಮಾಣ ಶೇ 16.4. ಈ ಸರಾಸರಿಯನ್ನು ನಮ್ಮ ಅವಳಿ ನಗರಕ್ಕೆ ಅನ್ವಯಿಸಿದರೆ ಇಲ್ಲಿ ಸಕ್ಕರೆ ಕಾಯಿಲೆ ಇರುವವರು ಸುಮಾರು 98,000. ಜನಗಣತಿಯ ನಂತರ ಊರು ಎಷ್ಟು ಬೆಳೆದಿದೆ ಎಂಬುದನ್ನು ನೆನೆದರೆ ಲಕ್ಷ ಎಂದರೂ ಹೆಚ್ಚಾಗದು.

ಈ ಸಂಖ್ಯೆಯ ಬಗ್ಗೆ ಮಾತು ಬೇಕಾದಷ್ಟು ನಡೆಯುತ್ತದೆ. ಇದರ ಒಳಗೆ ಇನ್ನೊಂದು ಸಂಖ್ಯೆ ಅಡಗಿದೆ, ಅದರ ಮಾತು ಕಿವಿಗೆ ಬೀಳುವುದೇ ಅಪರೂಪ. ಭಾರತವೂ ಸೇರಿ 17 ದೇಶಗಳ 8,596 ಮಧುಮೇಹಿಗಳನ್ನು ಮಾತನಾಡಿಸಿದ ಡಾನ್-2 ಎಂಬ ಅಧ್ಯಯನ 2013ರಲ್ಲಿ ಹೊರಬಂತು. ಕಾಯಿಲೆಯ ಜೊತೆ ಬಾಳುವುದೇ ಮನಸ್ಸಿಗೆ ದೊಡ್ಡ ಭಾರವಾಗಿದೆ ಎಂಬುದು ಶೇ 44.6 ಮಂದಿಯ ಉತ್ತರದಿಂದ ಗೊತ್ತಾಯಿತು. ಶೇ 13.8 ಮಂದಿಯಲ್ಲಿ ಖಿನ್ನತೆಯ ಲಕ್ಷಣಗಳೇ ಇದ್ದವು.

ಈ ಪ್ರಮಾಣವನ್ನು ನಮ್ಮ 98,000 ಜನರಿಗೆ ಹೊಂದಿಸಿ ನೋಡಿ. ಮನಸ್ಸು ದಣಿದವರು ಸುಮಾರು 43,700. ಒಬ್ಬರಿಗೆ ಅರ್ಧ ಮೀಟರಿನಂತೆ ಭುಜಕ್ಕೆ ಭುಜ ತಾಗಿಸಿ ನಿಲ್ಲಿಸಿದರೆ ಆ ಸಾಲಿನ ಉದ್ದ 21 ಕಿಲೋಮೀಟರಿಗೂ ಹೆಚ್ಚು. ಎರಡೂ ಊರುಗಳ ನಡುವೆ ಚಿಗರಿ ಬಸ್ಸು ಓಡುವ ದಾರಿಯ ಉದ್ದ ಸುಮಾರು 22 ಕಿಲೋಮೀಟರು. ಅಂದರೆ ಹುಬ್ಬಳ್ಳಿಯಿಂದ ಹೊರಟ ಸಾಲು ಕಿಮ್ಸ್, ಉಣಕಲ್, ಭೈರಿದೇವರಕೊಪ್ಪ, ನವನಗರ, ರಾಯಾಪುರ, ಸತ್ತೂರು, ನವಲೂರು, ವಿದ್ಯಾಗಿರಿ ದಾಟಿ ಹೆಚ್ಚುಕಡಿಮೆ ಜುಬಿಲಿ ಸರ್ಕಲ್ಲಿಗೆ ಮುಟ್ಟುತ್ತದೆ. ಖಿನ್ನತೆಯ ಲಕ್ಷಣ ಇರುವವರನ್ನಷ್ಟೇ ನಿಲ್ಲಿಸಿದರೂ ಸಾಲು ಉಣಕಲ್ ಕೆರೆ ದಾಟಿ ನವನಗರದ ಕಡೆಗೆ ಸಾಗುತ್ತದೆ.

ಆ ಭಾರ ಎಂಥದ್ದು? ಅದನ್ನು ಅಳೆಯಲೆಂದೇ ಅಮೆರಿಕದ ಮನಶ್ಶಾಸ್ತ್ರಜ್ಞ ವಿಲಿಯಂ ಪೊಲೊನ್ಸ್ಕಿ ಮತ್ತು ಸಂಗಡಿಗರು 1995ರಲ್ಲಿ 20 ಪ್ರಶ್ನೆಗಳ ಒಂದು ಪಟ್ಟಿ ಪ್ರಕಟಿಸಿದರು. ಮುಂದೆ ಕಣ್ಣು, ಕಿಡ್ನಿ ಹೋದರೆ ಎಂಬ ಹೆದರಿಕೆ ಇದೆಯೇ, ಪಥ್ಯ ತಪ್ಪಿದಾಗ ತಪ್ಪಿತಸ್ಥನಂತೆ ಅನಿಸುತ್ತದೆಯೇ, ದಿನವೂ ಇದನ್ನೇ ನೋಡಿಕೊಂಡು ಸುಸ್ತಾಗಿದೆಯೇ, ಇದರ ಜೊತೆ ಒಬ್ಬಂಟಿ ಅನಿಸುತ್ತದೆಯೇ ಎಂಬ ಬಗೆಯ ಪ್ರಶ್ನೆಗಳು. ಪ್ರತಿ ಉತ್ತರಕ್ಕೂ ಸೊನ್ನೆಯಿಂದ ನಾಲ್ಕರವರೆಗೆ ಅಂಕ. ಒಟ್ಟನ್ನು ನೂರಕ್ಕೆ ಹೊಂದಿಸಿದಾಗ 40 ಅಥವಾ ಅದಕ್ಕೂ ಹೆಚ್ಚು ಬಂದರೆ ನೋವು ತೀವ್ರವಾಗಿದೆ ಎಂದರ್ಥ.

ಅದೇ ಪ್ರಶ್ನೆಗಳನ್ನು ನಮ್ಮ ಕಡೆಯ ಮನೆಗಳಲ್ಲಿ ಕೇಳುವುದೇ ಬೇಡ, ಉತ್ತರ ದಿನವೂ ಕಿವಿಗೆ ಬೀಳುತ್ತದೆ. ಮದುವೆಯ ಪಂಕ್ತಿಯಲ್ಲಿ ಕುಳಿತಾಗ "ಒಂದು ಪೇಢಾ ತಗೋರಿ, ಏನೂ ಆಗಂಗಿಲ್ಲ" ಎಂದು ಒತ್ತಾಯಿಸುವವರು ಒಬ್ಬರು. ತಿಂದರೆ "ಬಾಯಿ ಕಟ್ಟಾಕ ಆಗಂಗಿಲ್ಲೇನ್ರಿ?" ಎನ್ನುವವರು ಇನ್ನೊಬ್ಬರು. ಮರುದಿನ ರಿಪೋರ್ಟಿನಲ್ಲಿ 280 ಬಂದರೆ ಅದನ್ನು ಮನೆಯವರಿಂದ ಮುಚ್ಚಿಟ್ಟು, ಡಾಕ್ಟರ ಹತ್ತಿರ ಹೋಗುವುದನ್ನೇ ಮುಂದೂಡುವವರು ಎಷ್ಟೋ ಮಂದಿ. ಬೈಸಿಕೊಳ್ಳುವ ಭಯ ಅವರನ್ನು ಔಷಧದಿಂದಲೂ ದೂರ ಮಾಡುತ್ತದೆ. ಚಿಂತೆ ಹೆಚ್ಚಾದಾಗ ಒಸರುವ ಕಾರ್ಟಿಸಾಲ್ ಹಾರ್ಮೋನು ರಕ್ತದ ಸಕ್ಕರೆಯನ್ನು ತಾನೇ ಏರಿಸುತ್ತದೆ. ಏರಿದ ಸಕ್ಕರೆ ಮತ್ತೆ ಚಿಂತೆ ಹುಟ್ಟಿಸುತ್ತದೆ. ಮಧುಮೇಹ ಇಲ್ಲದವರಿಗೆ ಹೋಲಿಸಿದರೆ ಇದ್ದವರಲ್ಲಿ ಖಿನ್ನತೆಯ ಸಂಭವ ಸುಮಾರು ಇಮ್ಮಡಿ ಎಂದು ಹಲವು ಅಧ್ಯಯನಗಳನ್ನು ಒಟ್ಟು ಸೇರಿಸಿ ನೋಡಿದ ವಿಶ್ಲೇಷಣೆ 2001ರಲ್ಲೇ ತೋರಿಸಿತ್ತು.

ಇನ್ನು ಸಮಯದ ಲೆಕ್ಕ. ವರ್ಷಕ್ಕೆ 8,760 ತಾಸು. ವರ್ಷದಲ್ಲಿ ನಾಲ್ಕು ಸಲ ಡಾಕ್ಟರನ್ನು ಕಂಡು, ಪ್ರತಿ ಸಲ ಹತ್ತು ನಿಮಿಷ ಮಾತಾಡಿದರೆ ಒಟ್ಟು 40 ನಿಮಿಷ. ಉಳಿದ 8,759 ತಾಸು 20 ನಿಮಿಷ ಈ ಕಾಯಿಲೆಯನ್ನು ರೋಗಿಯೇ ನಿಭಾಯಿಸಬೇಕು. ಹತ್ತನೇ ವಯಸ್ಸಿಗೆ ಟೈಪ್-1 ಮಧುಮೇಹ ಬಂದ ಮಗು ದಿನಕ್ಕೆ ನಾಲ್ಕು ಸಲ ಇನ್ಸುಲಿನ್ ಚುಚ್ಚಿಕೊಂಡರೆ ಐವತ್ತಕ್ಕೆ ಬರುವ ಹೊತ್ತಿಗೆ 58,400 ಸೂಜಿ. ಈ ಬಾಳಿಗೆ ಧೈರ್ಯ ಹೇಳುವವರು ಬೇಕಲ್ಲವೇ? ಆದರೆ ಇದೇ ಡಾನ್-2 ಅಧ್ಯಯನದಲ್ಲಿ, ಕಾಯಿಲೆಯಿಂದ ನಿಮ್ಮ ಬದುಕು ಹೇಗಾಗಿದೆ ಎಂದು ಆಸ್ಪತ್ರೆಯವರು ವಿಚಾರಿಸಿದ್ದಾರೆ ಎಂದವರು ಶೇ 23.7 ಮಾತ್ರ. ನಾಲ್ವರಲ್ಲಿ ಮೂವರನ್ನು ಯಾರೂ ಕೇಳಿಲ್ಲ.

ಕೇಳುವವರು ಎಷ್ಟು ಮಂದಿ ಇದ್ದಾರೆ? ಭಾರತದಲ್ಲಿ ಒಂದು ಲಕ್ಷ ಜನರಿಗೆ ಮನೋವೈದ್ಯರು ಸರಾಸರಿ 0.75. ಆ ಲೆಕ್ಕದಲ್ಲಿ ನಮ್ಮ ಊರಿನ ಪಾಲು ಏಳು. ನಮ್ಮ ಪುಣ್ಯ, ಇಲ್ಲಿನ ಸ್ಥಿತಿ ಸರಾಸರಿಗಿಂತ ವಾಸಿ. ಧಾರವಾಡದಲ್ಲಿ ಡಿಮ್ಹಾನ್ಸ್ ಎಂಬ ಮಾನಸಿಕ ಆರೋಗ್ಯ ಸಂಸ್ಥೆ ಇದೆ. ಅದರ ಮೂಲ 1845ರ ಮಾನಸಿಕ ಆಸ್ಪತ್ರೆ. ಹುಬ್ಬಳ್ಳಿಯಲ್ಲಿ 1957ರಲ್ಲಿ ಆರಂಭವಾದ ವೈದ್ಯಕೀಯ ಕಾಲೇಜು ಮತ್ತು ಅದರ ಆಸ್ಪತ್ರೆ, ಜನರ ಬಾಯಲ್ಲಿ ಇಂದಿಗೂ ಕಿಮ್ಸ್. ಒಂದೇ ಮಹಾನಗರ ಪಾಲಿಕೆಯೊಳಗೆ, ಒಂದು ಬಸ್ ಪ್ರಯಾಣದ ಅಂತರದಲ್ಲಿ ಇವೆರಡೂ ಇರುವುದು ಸಣ್ಣ ಸಂಪತ್ತಲ್ಲ. ಆದರೂ ಸಕ್ಕರೆಗೆ ಒಂದು ಬಾಗಿಲು, ಮನಸ್ಸಿಗೆ ಇನ್ನೊಂದು ಬಾಗಿಲು ಎಂದಾದಾಗ ಎರಡನೆಯದನ್ನು ತಟ್ಟಲು ಜನ ಹಿಂಜರಿಯುತ್ತಾರೆ.

ಎರಡನ್ನೂ ಒಂದೇ ಕೋಣೆಗೆ ತಂದರೆ ಏನಾಗುತ್ತದೆ ಎಂಬುದಕ್ಕೆ ಭಾರತದಲ್ಲೇ ಪುರಾವೆ ಇದೆ. ಬೆಂಗಳೂರು, ಚೆನ್ನೈ, ವಿಶಾಖಪಟ್ಟಣ, ದೆಹಲಿಯ ನಾಲ್ಕು ಮಧುಮೇಹ ಚಿಕಿತ್ಸಾಲಯಗಳಲ್ಲಿ 404 ರೋಗಿಗಳ ಮೇಲೆ ನಡೆದ 'ಇಂಡಿಪೆಂಡೆಂಟ್' ಪ್ರಯೋಗದ ಫಲ 2020ರಲ್ಲಿ ಪ್ರಕಟವಾಯಿತು. ಎಲ್ಲರಿಗೂ ಮಧುಮೇಹದ ಜೊತೆಗೆ ಖಿನ್ನತೆ ಇತ್ತು. ಅರ್ಧದಷ್ಟು ಜನರಿಗೆ ಎಂದಿನ ಚಿಕಿತ್ಸೆ. ಉಳಿದವರಿಗೆ ತರಬೇತಿ ಪಡೆದ ಸಂಯೋಜಕರಿಂದ ಒಂದು ವರ್ಷದ ಆಸರೆ. ಈ ಸಂಯೋಜಕರು ವೈದ್ಯರಲ್ಲ; ರೋಗಿಯ ಬೆನ್ನಿಗೆ ನಿಂತು ಮಾತಾಡಿಸುತ್ತಿದ್ದರು, ಅವರು ತಂದ ವಿವರಗಳನ್ನು ತಜ್ಞರು ಕುಳಿತು ಪರಿಶೀಲಿಸುತ್ತಿದ್ದರು. ಎರಡು ವರ್ಷದ ನಂತರ ನೋಡಿದರೆ, ಖಿನ್ನತೆ ಅರ್ಧಕ್ಕಿಳಿದು ಸಕ್ಕರೆ, ಬಿಪಿ, ಕೊಲೆಸ್ಟ್ರಾಲ್ ಮೂರರಲ್ಲಿ ಒಂದಾದರೂ ಸುಧಾರಿಸಿದವರು ಆಸರೆ ಸಿಕ್ಕ ಗುಂಪಿನಲ್ಲಿ ಶೇ 71.6, ಇನ್ನೊಂದರಲ್ಲಿ ಶೇ 57.4. ನೂರಕ್ಕೆ 14 ಜನ ಹೆಚ್ಚು. ಹೊಸ ಔಷಧ ಯಾವುದೂ ಇದಕ್ಕೆ ಬೇಕಾಗಲಿಲ್ಲ.

ಇಲ್ಲಿಗೆ ಬೇಕಾದ ಸಾಮಗ್ರಿಯೂ ಅರ್ಧ ಸಿದ್ಧವಾಗಿದೆ. 30 ವರ್ಷ ದಾಟಿದವರ ಮನೆಗೆ ಆಶಾ ಕಾರ್ಯಕರ್ತೆಯರು ತರುವ ತಪಾಸಣಾ ನಮೂನೆಯಲ್ಲಿ ಮನಸ್ಸಿನ ಬಗ್ಗೆ ಎರಡು ಪ್ರಶ್ನೆಗಳಿವೆ: ಕಳೆದ ಎರಡು ವಾರಗಳಲ್ಲಿ ಯಾವುದರಲ್ಲೂ ಆಸಕ್ತಿ ಇಲ್ಲ ಅನಿಸಿತೇ, ಮನಸ್ಸು ಕುಗ್ಗಿತ್ತೇ ಎಂದು. 2022ರ ಅಕ್ಟೋಬರ್ 10ರಂದು ಶುರುವಾದ ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗಲಾದರೂ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು, ಹಣ ಕೊಡಬೇಕಾಗಿಲ್ಲ.

ಈಗ ಕೊನೆಯ ಲೆಕ್ಕ. ಆ ಎರಡು ಪ್ರಶ್ನೆಗಳಿಗೆ "ಈ ಕಾಯಿಲೆಯಿಂದ ನಿಮಗೆ ಏನು ಕಷ್ಟ ಆಗಾಕತ್ತೇತ್ರಿ?" ಎಂಬ ಮೂರನೆಯದನ್ನು ಸೇರಿಸಿ. ಒಬ್ಬರಿಗೆ ಮೂರು ನಿಮಿಷ. 98,000 ಜನರಿಗೆ 2,94,000 ನಿಮಿಷ, ಅಂದರೆ 4,900 ತಾಸು. ದಿನಕ್ಕೆ ಆರು ತಾಸಿನಂತೆ ವರ್ಷಕ್ಕೆ 300 ದಿನ ದುಡಿಯುವ ಒಬ್ಬರ ಪಾಲು 1,800 ತಾಸು. ಮೂವರು ಸಾಕು. ಇಷ್ಟು ದೊಡ್ಡ ಅವಳಿ ನಗರದ ಪ್ರತಿಯೊಬ್ಬ ಮಧುಮೇಹಿಯನ್ನೂ ವರ್ಷಕ್ಕೊಮ್ಮೆ ಕೂಡಿಸಿ ಮನಸ್ಸು ಹೇಗಿದೆ ಎಂದು ಕೇಳಲು ಬೇಕಾಗುವುದು ಮೂರು ಜನರ ದುಡಿಮೆ. ಕೇಳಿದ ಮೇಲೆ ಆಸರೆ ಕೊಡಲು ಇನ್ನಷ್ಟು ಕೈಗಳು ಬೇಕು, ನಿಜ. ಆದರೆ ಯಾರಿಗೆ ಆಸರೆ ಬೇಕು ಎಂದು ತಿಳಿಯಲು ಮೂವರು ಸಾಕಾಗುವ ಊರಿನಲ್ಲಿ ಯಾರನ್ನೂ ಕೇಳದೆ ಬಿಡುವುದಕ್ಕೆ ನೆಪವೇ ಇಲ್ಲ.