ಸಂಬಳ ಕೇಳಿದರೆ ಮರ್ಯಾದೆ ಹೋಗದು

ನಮ್ಮ ಅಜ್ಜಿಯಂದಿರು, ಉಮ್ಮಂದಿರು ಬೀಡಿ ಕಟ್ಟಿ ಮನೆ ನಡೆಸಿದವರು. ಓದು ಬರಹ ಬಾರದಿದ್ದರೂ ಸಾವಿರ ಬೀಡಿಗೆ ಮಜೂರಿ ಎಷ್ಟು, ಕೊಟ್ಟ ಎಲೆ ಎಷ್ಟು, ಹೊಗೆಸೊಪ್ಪು ಎಷ್ಟು, ಪಿಎಫ್‌ಗೆ ಹಿಡಿದದ್ದೆಷ್ಟು ಎಂಬ ಲೆಕ್ಕ ಅವರ ಬಾಯಲ್ಲೇ ಇರುತ್ತಿತ್ತು. ಬೀಡಿ ಬ್ರಾಂಚಿನಲ್ಲಿ ಹತ್ತು ರೂಪಾಯಿ ಕಡಿಮೆಯಾದರೂ ಅಲ್ಲೇ ನಿಂತು ಕೇಳುತ್ತಿದ್ದರು. ಇಂದು ಅದೇ ಮನೆಯ ಮೊಮ್ಮಗಳು ನಾಲ್ಕು ವರ್ಷದ ಡಿಗ್ರಿ ಮುಗಿಸಿ, ಬಿಳಿ ಕೋಟು ಹಾಕಿ ಆಸ್ಪತ್ರೆಗೆ ಹೋಗುತ್ತಾಳೆ. ನಿನ್ನ ಬೇಸಿಕ್ ಎಷ್ಟು, ವಾರಕ್ಕೆ ಎಷ್ಟು ಗಂಟೆ ಡ್ಯೂಟಿ ಎಂದು ಕೇಳಿ ನೋಡಿ. ಹೆಚ್ಚಿನವರಲ್ಲಿ ಉತ್ತರವಿಲ್ಲ.

ನಾವು ಹೇಳುತ್ತಿರುವುದು ಫಿಸಿಶಿಯನ್ ಅಸಿಸ್ಟೆಂಟ್ ಕೆಲಸದ ಬಗ್ಗೆ. ಆಸ್ಪತ್ರೆಯಲ್ಲಿ ಅವರನ್ನು 'ಪಿಎ' ಅಂತಾರೆ. ರೋಗಿಯ ಹಿಂದಿನ ಕಾಯಿಲೆಗಳ ವಿವರ ಕೇಳಿ ಬರೆದುಕೊಳ್ಳುವುದು, ಡಾಕ್ಟರ ಜೊತೆ ರೌಂಡ್ಸ್ ಹೋಗುವುದು, ರಿಪೋರ್ಟ್ ನೋಡಿ ತಿಳಿಸುವುದು, ಆಪರೇಷನ್ ಥಿಯೇಟರಿನಲ್ಲಿ ಸಹಾಯ, ಕೊನೆಗೆ ಡಿಸ್ಚಾರ್ಜ್ ಸಮ್ಮರಿ ತಯಾರಿ - ಇಷ್ಟೂ ಇವರ ಕೆಲಸ. ಭಾರತದಲ್ಲಿ ಈ ಕೋರ್ಸ್ ಶುರುವಾದದ್ದು 1992ರಲ್ಲಿ, ಚೆನ್ನೈಯಲ್ಲಿ, ಹೃದಯ ತಜ್ಞ ಡಾ. ಕೆ.ಎಂ. ಚೆರಿಯನ್ ಅವರ ಮುಂದಾಳತ್ವದಲ್ಲಿ. ಈಗ ನಮ್ಮ ಕರಾವಳಿಯಲ್ಲೂ ಕಲಿಯಲು ಅವಕಾಶವಿದೆ.

ತೊಂದರೆ ಇರುವುದು ಬೇರೆ ಕಡೆ. ಪಿಎ ಡಾಕ್ಟರೂ ಅಲ್ಲ, ನರ್ಸೂ ಅಲ್ಲ. ಡಾಕ್ಟರ ಕೆಲಸದ ಒಂದು ಪಾಲು ಮಾಡಿಸುತ್ತಾರೆ, ಸಂಬಳದ ಮಾತು ಬಂದಾಗ 'ನೀವು ಅಸಿಸ್ಟೆಂಟ್ ತಾನೇ' ಅಂತಾರೆ. ಡ್ಯೂಟಿ ಬೆಳಿಗ್ಗೆ 8ರಿಂದ ಸಂಜೆ 4 ಎಂದು ಹೇಳಿ ಸೇರಿಸಿಕೊಳ್ಳುತ್ತಾರೆ, ಡಾಕ್ಟರ ಸಂಜೆಯ ರೌಂಡ್ಸ್ ಮುಗಿಯುವವರೆಗೆ ಹೊರಡುವಂತಿಲ್ಲ. ಅತ್ತ ಫರಂಗಿಪೇಟೆಗೋ ಕೊಣಾಜೆಗೋ ಬಸ್ ತಪ್ಪಿ, ಉಪ್ಪ ಸ್ಕೂಟರ್ ತೆಗೆದುಕೊಂಡು ಆಸ್ಪತ್ರೆ ಗೇಟಿನಲ್ಲಿ ಕಾಯುತ್ತಿರುತ್ತಾರೆ.

ಇದರಲ್ಲಿ ಮನೆಯವರ ಪಾಲೂ ಇದೆ. 'ಹತ್ತಿರದ ಆಸ್ಪತ್ರೆಯಲ್ಲಿ ಕೆಲಸ ಸಿಕ್ಕಿತಲ್ಲ, ಸಂಬಳ ಎಷ್ಟಾದರೂ ಪರವಾಗಿಲ್ಲ' ಎಂದು ಮ್ಯಾನೇಜರ ಎದುರೇ ಹೇಳಿಬಿಡುವವರು ನಾವೇ. ಹೇಗೂ ಮದುವೆಯಾಗಿ ಹೋಗುವವಳು ಎಂಬ ಲೆಕ್ಕ ಬೇರೆ. ಗಂಡು ಮಕ್ಕಳಾದರೆ 'ಎರಡು ವರ್ಷ ಎಕ್ಸ್‌ಪೀರಿಯನ್ಸ್ ಆಗಲಿ, ಮತ್ತೆ ಗಲ್ಫಿಗೆ ಹೋಗಬಹುದು' ಅನ್ನುತ್ತೇವೆ. ಎರಡೂ ಮಾತು ಆಸ್ಪತ್ರೆಯವರಿಗೆ ಲಾಭ. ಗಲ್ಫಿನಲ್ಲಿ ದುಡಿದು ಬಂದ ಉಪ್ಪಂದಿರಿಗೆ ಡ್ಯೂಟಿಯ ಲೆಕ್ಕ ಗೊತ್ತಿಲ್ಲ ಅಂತಲ್ಲ. ಸೌದಿಯ ಕಾನೂನಿನಲ್ಲಿ ದಿನಕ್ಕೆ 8 ಗಂಟೆ ಕೆಲಸ, ರಂಜಾನಿನಲ್ಲಿ ಮುಸ್ಲಿಂ ನೌಕರರಿಗೆ 6 ಗಂಟೆ. ಅಲ್ಲಿ ಓವರ್‌ಟೈಮನ್ನು ಬೆರಳೆಣಿಸಿ ಪಡೆದವರು, ಇಲ್ಲಿ ಮಗಳ ಸಂಬಳ ಕೇಳಲು ನಾಚಿಕೊಳ್ಳುತ್ತಾರೆ.

ಒಂದು ಸಣ್ಣ ಲೆಕ್ಕ ಮಾಡೋಣ. ಉದಾಹರಣೆಗೆ ತಿಂಗಳಿಗೆ 18,000 ರೂಪಾಯಿ ಸಂಬಳ, 26 ದಿನ ಡ್ಯೂಟಿ ಅಂತಿಟ್ಟುಕೊಳ್ಳಿ. ದಿನಕ್ಕೆ 8 ಗಂಟೆಯಾದರೆ ಒಟ್ಟು 208 ಗಂಟೆ, ಗಂಟೆಗೆ ಸುಮಾರು 86 ರೂಪಾಯಿ. ಅದೇ ಸಂಬಳಕ್ಕೆ 12 ಗಂಟೆ ದುಡಿದರೆ 312 ಗಂಟೆ, ಗಂಟೆಗೆ 58 ರೂಪಾಯಿ ಕೂಡ ಬೀಳುವುದಿಲ್ಲ. ಸಂಬಳ ಇಳಿಸಿದ್ದೇವೆಂದು ಯಾರೂ ಹೇಳಲಿಲ್ಲ, ಆದರೆ ಮೂರರಲ್ಲಿ ಒಂದು ಪಾಲು ಇಳಿದಿದೆ. ಆದ್ದರಿಂದ ಸಂಬಳವನ್ನೂ ಡ್ಯೂಟಿಯ ಗಂಟೆಯನ್ನೂ ಒಟ್ಟಿಗೇ ಮಾತಾಡಬೇಕು.

ಕಾನೂನು ಏನು ಹೇಳುತ್ತದೆ? 2021ರ ಅಲೈಡ್ ಮತ್ತು ಹೆಲ್ತ್‌ಕೇರ್ ವೃತ್ತಿಗಳ ರಾಷ್ಟ್ರೀಯ ಆಯೋಗ ಕಾಯ್ದೆಯ ಪಟ್ಟಿಯಲ್ಲಿ 'ಫಿಸಿಶಿಯನ್ ಅಸೋಸಿಯೇಟ್' ಹೆಸರಿದೆ. ಅಂದರೆ ಇದು ಕಾನೂನು ಒಪ್ಪಿದ ವೃತ್ತಿ, ಯಾರೋ ಕೊಟ್ಟ ಉಪಕಾರವಲ್ಲ. 2025ರ ನವೆಂಬರ್ 21ರಂದು ಜಾರಿಗೆ ಬಂದ ಕಾರ್ಮಿಕ ಸಂಹಿತೆಗಳ ಪ್ರಕಾರ ನೌಕರರಿಗೆ ನೇಮಕಾತಿ ಪತ್ರ ಕೊಡಲೇಬೇಕು, ನಿಗದಿತ ಅವಧಿ ಮೀರಿದ ಕೆಲಸಕ್ಕೆ ಎರಡು ಪಟ್ಟು ದರ ಕೊಡಬೇಕು. 20 ಮತ್ತು ಹೆಚ್ಚು ನೌಕರರಿರುವಲ್ಲಿ ಪಿಎಫ್ ಇರಬೇಕು. ಸಂಬಳ 21,000 ರೂಪಾಯಿಯೊಳಗಿದ್ದರೆ ಇಎಸ್‌ಐ ಕೇಳಿ. ಹೆರಿಗೆ ರಜೆ ಮೊದಲ ಎರಡು ಮಕ್ಕಳಿಗೆ 26 ವಾರ.

ಸಂಬಳಕ್ಕೆ ಅಳತೆಗೋಲು ಬೇಕೆಂದರೆ ನರ್ಸ್‌ಗಳ ವಿಷಯ ನೋಡಿ. ಸುಪ್ರೀಂ ಕೋರ್ಟಿನ 2016ರ ಆದೇಶದಂತೆ ರಚನೆಯಾದ ಸಮಿತಿಯು, 200ಕ್ಕಿಂತ ಹೆಚ್ಚು ಹಾಸಿಗೆಯ ಖಾಸಗಿ ಆಸ್ಪತ್ರೆಯಲ್ಲಿ ನರ್ಸ್‌ಗಳಿಗೆ ಸರಕಾರಿ ಸಂಬಳಕ್ಕೆ ಸಮನಾಗಿ ಕೊಡಬೇಕು, 50ಕ್ಕಿಂತ ಕಡಿಮೆ ಹಾಸಿಗೆಯಿದ್ದರೂ 20,000ಕ್ಕಿಂತ ಕಡಿಮೆಯಾಗಬಾರದು ಎಂದು ಶಿಫಾರಸು ಮಾಡಿತ್ತು. ಅದು ಶಿಫಾರಸು ಮಾತ್ರ, ಪಿಎಗಳಿಗಾಗಿ ಮಾಡಿದ್ದೂ ಅಲ್ಲ. ಆದರೂ ಹತ್ತು ವರ್ಷದ ಹಿಂದಿನ ಆ ಸಂಖ್ಯೆ ಗೊತ್ತಿದ್ದರೆ ಇಂಟರ್‌ವ್ಯೂನಲ್ಲಿ ಮಾತಾಡಲು ಧೈರ್ಯ ಬರುತ್ತದೆ.

ಕೇಳುವುದು ಹೇಗೆ? ಸೇರುವ ಮೊದಲೇ ಕೇಳಬೇಕು, ಮಕ್ಕಳೇ ಕೇಳಬೇಕು. ಉಪ್ಪ ಹೊರಗೆ ಕೂತರೆ ಸಾಕು. 'ಸಿಟಿಸಿ' ಎಂದು ಹೇಳುವ ಮೊತ್ತದಲ್ಲಿ ಆಸ್ಪತ್ರೆಯ ಪಾಲಿನ ಪಿಎಫ್ ಕೂಡ ಸೇರಿರುತ್ತದೆ. ಆದ್ದರಿಂದ 'ಕೈಗೆ ಎಷ್ಟು ಬರುತ್ತದೆ' ಎಂದು ನೇರ ಕೇಳಿ. ವಾರದ ರಜೆ, ತಿಂಗಳಿಗೆ ಎಷ್ಟು ನೈಟ್, ಕಾಲ್ ಡ್ಯೂಟಿಗೆ ಏನು ಕೊಡುತ್ತಾರೆ, ರಾತ್ರಿ ಮನೆಗೆ ವಾಹನ ಇದೆಯಾ, ಬಾಂಡ್ ಎಷ್ಟು ಸಮಯ, ನೋಟಿಸ್ ಎಷ್ಟು ದಿನ - ಎಲ್ಲ ಪತ್ರದಲ್ಲಿ ಬರಲಿ. ಸರ್ಟಿಫಿಕೇಟಿನ ಒರಿಜಿನಲ್ ತೋರಿಸಿ, ಬಿಟ್ಟು ಬರಬೇಡಿ. ಅದು ಅವರ ಕಪಾಟಿನಲ್ಲಿದ್ದರೆ ನಾಳೆ ಕೆಲಸ ಬಿಡುವುದೂ ಕಷ್ಟ, ಗಲ್ಫಿಗೆ ಹೊರಡುವುದೂ ಕಷ್ಟ.

ಈಗಾಗಲೇ ಕೆಲಸದಲ್ಲಿದ್ದವರು ಮೂರು ತಿಂಗಳು ಒಂದು ಪುಸ್ತಕದಲ್ಲಿ ಬಂದ ಸಮಯ, ಹೋದ ಸಮಯ ಬರೆದಿಡಿ. ಪಿಎಫ್ ಪಾಸ್‌ಬುಕ್ಕನ್ನು ಉಮಂಗ್ ಆ್ಯಪ್‌ನಲ್ಲಿ ನೋಡಿ, ಹಿಡಿದ ಹಣ ಜಮೆಯಾಗಿದೆಯಾ ತಿಳಿಯುತ್ತದೆ. ಆಮೇಲೆ ಒಬ್ಬರೇ ಹೋಗದೆ ನಾಲ್ಕು ಮಂದಿ ಒಟ್ಟಿಗೆ ಹೋಗಿ ಮಾತಾಡಿ. ಹಣ ಆಗದಿದ್ದರೆ ಗಂಟೆ ಕೇಳಿ, ನೈಟ್ ಆದ ಮರುದಿನದ ರಜೆ ಕೇಳಿ. ದೀಪಾವಳಿಗೆ, ಕ್ರಿಸ್‌ಮಸ್‌ಗೆ ನಾವು ಡ್ಯೂಟಿ ಮಾಡುತ್ತೇವೆ, ಪೆರ್ನಾಲಿಗೆ ನಮಗೆ ರಜೆ ಕೊಡಿ ಎಂದರೆ ಇಲ್ಲ ಅನ್ನುವವರು ಕಡಿಮೆ. ಯಾವುದಕ್ಕೂ ಕಿವಿಗೊಡದಿದ್ದರೆ ಕಾರ್ಮಿಕ ಇಲಾಖೆಯ ಕಚೇರಿಗೆ ಅರ್ಜಿ ಕೊಡಬಹುದು.

ಬರಹದಲ್ಲಿ ಕೇಳಿದರೆ ನಂಬಿಕೆ ಇಲ್ಲ ಅಂತಾಗುತ್ತದೆಯೇ ಎಂದು ಕೆಲವರು ಅಳುಕುತ್ತಾರೆ. ಕುರ್‌ಆನಿನ ಅತಿ ದೀರ್ಘ ಸೂಕ್ತ ಅಲ್ ಬಕರ ಅಧ್ಯಾಯದ 282ನೆಯದು. ಅದು ಇರುವುದೇ ಸಾಲದ ವ್ಯವಹಾರವನ್ನು ಬರೆದಿಡುವ ಬಗ್ಗೆ, ಮೊತ್ತ ಸಣ್ಣದಿರಲಿ ದೊಡ್ಡದಿರಲಿ. ಬರೆಯುವುದು ಇಬ್ಬರನ್ನೂ ತಕರಾರಿನಿಂದ ಉಳಿಸುತ್ತದೆ. ದುಡಿದವನ ಕೂಲಿಯನ್ನು ತಡಮಾಡದೆ ಕೊಡಬೇಕೆಂಬ ಪ್ರವಾದಿವರ್ಯರ (ಸ) ಬೋಧನೆಯನ್ನು ಕೇಳದವರು ನಮ್ಮಲ್ಲಿಲ್ಲ. ಆಸ್ಪತ್ರೆ, ಕ್ಲಿನಿಕ್ ನಡೆಸುವ ನಮ್ಮವರೂ ಇದ್ದಾರೆ. 'ನಮ್ಮವರೇ ಅಲ್ವಾ, ಸ್ವಲ್ಪ ಸುಧಾರಿಸಿಕೊಳ್ಳಿ' ಎಂಬ ಮಾತು ಅವರ ಬಾಯಲ್ಲಿ ಬರಬಾರದು.

ಜಮಾಅತ್‌ಗಳು, ಟ್ರಸ್ಟ್‌ಗಳು ಸ್ಕಾಲರ್‌ಶಿಪ್ ಕೊಟ್ಟು ಈ ಮಕ್ಕಳನ್ನು ಓದಿಸಿವೆ. ಇನ್ನೊಂದು ಹೆಜ್ಜೆ ಮುಂದೆ ಹೋಗಲಿ. ಕೋರ್ಸಿನ ಕೊನೆಯ ವರ್ಷದವರನ್ನು ಒಂದು ಭಾನುವಾರ ಕೂರಿಸಿ, ಒಬ್ಬ ವಕೀಲರನ್ನೂ ಆಸ್ಪತ್ರೆಯಲ್ಲಿ ದುಡಿದ ಒಬ್ಬ ಹಿರಿಯರನ್ನೂ ಕರೆದು, ನೇಮಕಾತಿ ಪತ್ರ ಓದುವುದನ್ನು ಕಲಿಸಲಿ. ಮನೆಯವರು ಮಾಡಬೇಕಾದದ್ದು ಇನ್ನೂ ಸುಲಭ. ಮಗಳು ಸಂಬಳ ಕೇಳುವಾಗ ನಡುವೆ ಬಾಯಿ ಹಾಕದಿದ್ದರೆ ಸಾಕು.