ಕಾರ್ಡ್ ಇದ್ದರೆ ಸಾಲದು, ಚೀಟಿಯೂ ಬೇಕು!

ಮಿಡಿಗೇಶಿ: ಮಧುಗಿರಿ–ಪಾವಗಡ ರಸ್ತೆಯ ಈ ಹೋಬಳಿಯಲ್ಲಿ ಯಾರಿಗಾದರೂ ದೊಡ್ಡ ಕಾಯಿಲೆ ಎಂದರೆ ಮನೆಯವರಿಗೆ ಹೊಳೆಯುವ ದಾರಿ ಒಂದೇ. ಮಧುಗಿರಿ ಬಸ್ಸು ಹತ್ತುವುದು, ಅಲ್ಲಿಂದ ತುಮಕೂರು, ಅಲ್ಲೂ ಆಗದಿದ್ದರೆ ಬೆಂಗಳೂರು. ದಾರಿಯಲ್ಲಿ ಸರ್ಕಾರಿ ಆಸ್ಪತ್ರೆ ಸಿಕ್ಕರೂ ಇಳಿಯಲು ಮನಸ್ಸಿಲ್ಲ. ‘ಅಲ್ಲಿ ಯಾರ್ ಕಾಯ್ತಾರೆ ಬಿಡಿ’ ಎಂಬ ಮಾತು ಬೇರೆ.

ಹೀಗೆ ನೆಟ್ಟಗೆ ಖಾಸಗಿ ಆಸ್ಪತ್ರೆಗೆ ಹೋಗಿ ಆಯುಷ್ಮಾನ್ ಕಾರ್ಡ್ ಮುಂದಿಟ್ಟಾಗಲೇ ಅಸಲಿ ಸಂಗತಿ ಗೊತ್ತಾಗುವುದು. ಕಾರ್ಡೇನೋ ಇದೆ, ಸರ್ಕಾರಿ ವೈದ್ಯರು ಬರೆದ ರೆಫರಲ್ ಚೀಟಿ ಎಲ್ಲಿ? ಚೀಟಿ ಇಲ್ಲದಿದ್ದರೆ ಬಿಲ್ಲು ಕೈಯಿಂದಲೇ. ದೇವರು ವರ ಕೊಟ್ಟರೂ ಪೂಜಾರಿ ಕೊಡಲಿಲ್ಲ ಎಂಬಂತಾಗುತ್ತದೆ.

ನಿಯಮ ಹೊಸದೇನಲ್ಲ. 2018ರ ಮಾರ್ಚಿಯಲ್ಲಿ ‘ಆರೋಗ್ಯ ಕರ್ನಾಟಕ’ ಯೋಜನೆ ಬಂತು. ಅದೇ ವರ್ಷ ಕೇಂದ್ರದ ಆಯುಷ್ಮಾನ್ ಭಾರತದ ಜೊತೆ ಕೂಡಿಕೊಂಡಿತು. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಉಚಿತ ಚಿಕಿತ್ಸೆ. ಎಪಿಎಲ್ ಕಾರ್ಡಿನ ಅಂಗಡಿಯವರಿಗೆ ಪ್ಯಾಕೇಜ್ ದರದ ಶೇಕಡಾ 30ರಷ್ಟು, ವರ್ಷಕ್ಕೆ ಒಂದೂವರೆ ಲಕ್ಷದವರೆಗೆ ಸರ್ಕಾರವೇ ಕೊಡುತ್ತದೆ. ಆದರೆ ಮೊದಲು ಸರ್ಕಾರಿ ಆಸ್ಪತ್ರೆಗೆ ಹೋಗಬೇಕು. ಅಲ್ಲಿ ಆಗದ ಚಿಕಿತ್ಸೆಗೆ ಮಾತ್ರ ಚೀಟಿ. ಪಟ್ಟಿಯಲ್ಲಿರುವ ತುರ್ತು ಚಿಕಿತ್ಸೆಗಳಿಗೆ ಚೀಟಿ ಬೇಡ, ಯೋಜನೆಗೆ ಸೇರಿದ ಖಾಸಗಿ ಆಸ್ಪತ್ರೆಗೆ ನೇರ ಹೋಗಬಹುದು. ಸೇರದ ಆಸ್ಪತ್ರೆಯಲ್ಲಿ ಕಾರ್ಡ್ ನಡೆಯದು.

ಖಾಸಗಿಯವರಿಗೂ ಕಟ್ಟುಪಾಡು ಇದೆ. 2007ರ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಗೆ 2017ರಲ್ಲಿ ತಿದ್ದುಪಡಿ ತರುವಾಗ ರಾಜ್ಯದ ಖಾಸಗಿ ವೈದ್ಯರು ಬಾಗಿಲು ಹಾಕಿ ಮುಷ್ಕರ ಹೂಡಿದ್ದು ಜನರಿಗೆ ನೆನಪಿರಬಹುದು. ಆ ಕಾಯ್ದೆಯ ಪ್ರಕಾರ ಚಿಕಿತ್ಸೆಯ ದರ ಎಲ್ಲರಿಗೂ ಕಾಣುವಂತೆ ಹಾಕಬೇಕು. ಜೀವಕ್ಕೆ ಅಪಾಯವಿರುವಾಗ ‘ಮೊದಲು ಅಡ್ವಾನ್ಸ್ ಕಟ್ಟಿ’ ಎಂದು ಕೂರಿಸುವಂತಿಲ್ಲ. ದೂರು ಕೇಳಲು ಜಿಲ್ಲಾ ಮಟ್ಟದಲ್ಲಿ ಪ್ರಾಧಿಕಾರವಿದೆ.

ಸರ್ಕಾರ, ಖಾಸಗಿ ಎರಡೂ ಕೂಡಿ ನಡೆದರೆ ಏನಾಗುತ್ತದೆ ಎಂಬುದಕ್ಕೆ ಇದೇ ರಸ್ತೆಯ ತುದಿಯ ಪಾವಗಡದಲ್ಲೇ ಸಾಕ್ಷಿ ಇದೆ. ಅಲ್ಲಿನ ರಾಮಕೃಷ್ಣ ಸೇವಾಶ್ರಮದ ಆರೋಗ್ಯ ಕೇಂದ್ರ ಕುಷ್ಠ, ಕ್ಷಯ, ಕಣ್ಣಿನ ಚಿಕಿತ್ಸೆಯಲ್ಲಿ ಹೆಸರು ಮಾಡಿದೆ. ಕ್ಷಯ ನಿಯಂತ್ರಣದಲ್ಲಿ ಸರ್ಕಾರದ ಜೊತೆ ಕೈಜೋಡಿಸಿದೆ. 2008ರ ನವೆಂಬರ್ 1ರಂದು ಶುರುವಾದ 108 ಆಂಬುಲೆನ್ಸ್‌ಗೂ ದುಡ್ಡು ಸರ್ಕಾರದ್ದು, ಓಡಿಸುವ ಹೊಣೆ ಖಾಸಗಿ ಸಂಸ್ಥೆಗೆ ಕೊಟ್ಟಿದ್ದು.

ಹಾಗಾಗಿ ಖಾಸಗಿ ಬೇಡ ಎನ್ನುವ ಕಾಲ ಇದಲ್ಲ. ಆದರೆ ಬಡವನಿಗೆ ಖಾಸಗಿ ಆಸ್ಪತ್ರೆಯ ಬೀಗದ ಕೈ ಇರುವುದು ಸರ್ಕಾರಿ ವೈದ್ಯರ ಮೇಜಿನ ಮೇಲೆ. ಆ ಕುರ್ಚಿ ಖಾಲಿ ಇದ್ದ ದಿನ 5 ಲಕ್ಷದ ಕಾರ್ಡ್ ಬರೀ ಪ್ಲಾಸ್ಟಿಕ್ ತುಂಡು. ಒಂದು ಚೀಟಿಗಾಗಿ ಕೂಲಿ ಬಿಟ್ಟು, ಬಸ್ ಚಾರ್ಜು ಕೊಟ್ಟು ಎರಡು ಮೂರು ಸಲ ಅಲೆಯುವವನು ಕೊನೆಗೆ ಸಾಲ ಮಾಡಿ ಖಾಸಗಿಗೇ ಹೋಗುತ್ತಾನೆ. ಆಗ ಯೋಜನೆ ಯಾರಿಗಾಗಿ?

ಊರಿನವರು ಬಸ್ಸು ಹತ್ತುವ ಮುಂಚೆ ಚೀಟಿ ಕೇಳಲಿ. ಯಾವ ಕಾಯಿಲೆಗೆ ಎಲ್ಲಿ ಚೀಟಿ, ಯಾವ ಆಸ್ಪತ್ರೆ ಯೋಜನೆಯಲ್ಲಿದೆ ಎಂದು ಪ್ರತಿ ಸರ್ಕಾರಿ ಆಸ್ಪತ್ರೆಯ ಬಾಗಿಲಲ್ಲಿ, ಬಸ್ ನಿಲ್ದಾಣದಲ್ಲಿ ಒಂದು ಬೋರ್ಡು ಹಾಕಿಸಲು ಬಹಳ ಖರ್ಚೇನೂ ಆಗದು. ಆರೋಗ್ಯ ಇಲಾಖೆಯವರು ಇತ್ತ ಗಮನ ಹರಿಸುವರೇ?